ಎರಡು ವಾಟಿನ ಮನೆ

ನಮ್ಮೂರಿನಲ್ಲಿ ದೀಪ ಹಚ್ಚುವ ಹೊತ್ತಾದ ಮೇಲೆ ಮನುಷ್ಯರ ಬಾಯಿಂದ ಸದ್ದು ಹೊರಡುವುದಿಲ್ಲ. ನಾಲಿಗೆ ಹೊರಳುತ್ತದೆ, ತುಟಿ ಆಡುತ್ತದೆ, ಕೇಳುವುದು ಮಾತ್ರ ಏನೂ ಇಲ್ಲ. ಬೆಳಗ್ಗೆ ಹಾಲಿನವನು ಬರುವಷ್ಟರಲ್ಲಿ ಎಲ್ಲರ ಗಂಟಲೂ ಮೊದಲಿನಂತೆ. ನಾಯಿಗಳಿಗೆ, ಜೀರುಂಡೆಗಳಿಗೆ ಈ ಕಾಟವಿಲ್ಲ. ಹಾಗಾಗಿ ನಮ್ಮಲ್ಲಿ ಭಾಷಣ ಮಾಡುವವರು ಬೆಳಗ್ಗೆಯೇ ಬಂದು ಹೋಗುತ್ತಾರೆ. ಕಡಲೆಕಾಯಿ ಮಾರುವವನು ಸಂಜೆ ಗಂಟೆ ಅಲ್ಲಾಡಿಸುತ್ತ ತಿರುಗುತ್ತಾನೆ. ಕುಡಿದವರು ಬೀದಿಯಲ್ಲಿ ನಿಂತು ಬಾಯಿ ಅಗಲಿಸಿ ಯಾರನ್ನೋ ಬೈಯುತ್ತಾರೆ, ಮಕ್ಕಳು ಅವರೆದುರು ಕೂತು ಸಮಾಧಾನವಾಗಿ ನೋಡುತ್ತವೆ.

ಮನೆಯೊಳಗೆ ಮಾತಾಡಬೇಕಾದರೆ ಸೆಟ್ಟು ಬೇಕು. ಸೆಟ್ಟು ಎಂದರೆ ವಾಲ್ವ್ ಹಾಕಿದ ಆಂಪ್ಲಿಫೈಯರ್. ವಾಲ್ವ್ ಇಲ್ಲದ ಹೊಸ ಬಗೆಯ ಸೆಟ್ಟುಗಳನ್ನೂ ಕೆಲವರು ತಂದು ನೋಡಿದರು. ಅವುಗಳಲ್ಲಿ ಹಾಡು ಬರುತ್ತದೆ, ವಾರ್ತೆ ಬರುತ್ತದೆ, ನಮ್ಮ ಮಾತು ಬರುವುದಿಲ್ಲ. ಗಾಜಿನ ವಾಲ್ವುಗಳು ಕೆಂಪಗೆ ಕಾದ ಮೇಲೆ ಮೈಕು ಹಿಡಿದು ಬಾಯಿ ಆಡಿಸಿದರೆ, ನಡುಮನೆಯ ಎರಡು ಮೂಲೆಯಲ್ಲಿಟ್ಟ ಸ್ಪೀಕರ್ ಪೆಟ್ಟಿಗೆಗಳಿಂದ ದನಿ ಹೊರಡುತ್ತದೆ. ಮನೆಗೆ ಒಂದೇ ಮೈಕು. ಊಟಕ್ಕೆ ಕೂತಾಗ ಅದು ಉಪ್ಪಿನಕಾಯಿ ಭರಣಿಯ ಹಿಂದೆಯೇ ಕೈಯಿಂದ ಕೈಗೆ ಹೋಗುತ್ತದೆ. ಮೊದಲು ಮಾವ, ಆಮೇಲೆ ಅತ್ತೆ, ಆಮೇಲೆ ಮಗ, ಕೊನೆಗೆ ಸೌಟು ಹಿಡಿದು ನಿಂತ ಸೊಸೆ. ತೊಟ್ಟಿಲಲ್ಲಿ ಮಗುವಿದ್ದರೆ ಊಟ ಮುಗಿದ ಮೇಲೆ ಮೈಕು ತೊಟ್ಟಿಲಿಗೆ. ಮೈಕಿನಲ್ಲಿ ಆಡಿದ ಮಾತೇ ನಮ್ಮಲ್ಲಿ ಮಾತು. ಹಗಲು ಸಾವಿರ ಹೇಳಿದರೂ ಅದು ಲೆಕ್ಕಕ್ಕಿಲ್ಲ. ಹಸು ಕೊಳ್ಳುವುದು, ಹೆಸರಿಡುವುದು, ಅಕ್ಕನ ಮನೆಗೆ ಹೋಗಿಬರುವುದು, ಎಲ್ಲವೂ ಸಂಜೆ ಮೈಕಿನಲ್ಲೇ ತೀರ್ಮಾನವಾಗಬೇಕು.

ಮದುವೆಯಲ್ಲಿ ಗಂಡಿನ ಮನೆಯದು ಸೆಟ್ಟು, ಹೆಣ್ಣಿನ ಮನೆಯದು ಪೆಟ್ಟಿಗೆ. ಹೆಣ್ಣುಮಗು ಹುಟ್ಟಿದ ವರ್ಷವೇ ಅಪ್ಪನಾದವನು ಒಳ್ಳೆಯ ಮರ ನೋಡಿ ಜೋಡಿ ಪೆಟ್ಟಿಗೆ ಮಾಡಿಸುತ್ತಾನೆ. ಸೊಸೆಯ ಪೆಟ್ಟಿಗೆ ಮನೆಯೊಳಗೆ ಬಂದ ದಿನ ಅತ್ತೆಯ ಪೆಟ್ಟಿಗೆ ಅಟ್ಟ ಹತ್ತುತ್ತದೆ. ಮತ್ತೆ ಅದು ಕೆಳಗಿಳಿದರೆ ಸೊಸೆಯ ಪೆಟ್ಟಿಗೆ ತವರಿಗೆ ಹೋಯಿತು ಎಂದರ್ಥ, ಪೆಟ್ಟಿಗೆಯ ಹಿಂದೆ ಸೊಸೆಯೂ ಹೋಗಬೇಕು. ಹೀಗೆ ಆಗಬಾರದೆಂದೇ ಮೊದಲು ಸೆಟ್ಟಿಗೂ ಪೆಟ್ಟಿಗೆಗೂ ಕೂಟ ನೋಡಿಸುತ್ತಾರೆ. ಕೂಟ ನೋಡುವುದರಲ್ಲಿ ನಮ್ಮಪ್ಪ ಚೆಲುವಯ್ಯನನ್ನು ಬಿಟ್ಟರೆ ಊರಿನಲ್ಲಿ ಇನ್ನೊಬ್ಬರಿಲ್ಲ. ಮೊದಲು ಓಮ್, ಎಂದರೆ ಪೆಟ್ಟಿಗೆ ಕರೆಂಟಿಗೆ ಒಡ್ಡುವ ತಡೆ, ನೋಡಬೇಕು. ಸೆಟ್ಟಿನ ಬೆನ್ನಿನಲ್ಲಿ ನಾಲ್ಕು, ಎಂಟು, ಹದಿನಾರು ಎಂದು ಬರೆದ ತಿರುಪುಗಳಿರುತ್ತವೆ, ಪೆಟ್ಟಿಗೆ ಎಷ್ಟರದ್ದೋ ಅದೇ ತಿರುಪಿಗೆ ತಂತಿ ಕಟ್ಟಬೇಕು. ಆಮೇಲೆ ಪೆಟ್ಟಿಗೆಯ ಹಸಿವು ನೋಡಬೇಕು. ಕೆಲವು ಪೆಟ್ಟಿಗೆಗಳು ಒಂದು ವಾಟು ಕೊಟ್ಟರೂ ಬೀದಿಗೆ ಕೇಳುವಂತೆ ಮಾತಾಡುತ್ತವೆ. ಕೆಲವಕ್ಕೆ ಮೂವತ್ತು ವಾಟು ತಿನ್ನಿಸುವವರೆಗೂ ಬಾಯಿ ಬಿಚ್ಚುವ ಮನಸ್ಸಿಲ್ಲ. ಬಡ ಸೆಟ್ಟಿಗೆ ಹಸಿದ ಪೆಟ್ಟಿಗೆ ಕಟ್ಟಬಾರದು, ಇದು ಅಪ್ಪ ನನಗೆ ಕಲಿಸಿದ ಮೊದಲ ಪಾಠ. ಮದುವೆಯಾಗುವ ತನಕ ನಾನು ಅಪ್ಪನ ಜೊತೆ ಮನೆಮನೆಗೆ ಹೋಗಿ ಕೂಟ ನೋಡಿದವಳು. ನನ್ನ ಹೆಸರು ಇಂದ್ರಾಣಿ. ಗಂಡನ ಹೆಸರು ಹೇಳಬಾರದಂತೆ, ನಾನು ಹೇಳುತ್ತೇನೆ: ಮುದ್ದುಕೃಷ್ಣ.

ಮುದ್ದುಕೃಷ್ಣನ ಮನೆಯವರದು ಹಿಟ್ಟಿನ ಗಿರಣಿ. ಅವರ ಸೆಟ್ಟು ತಾತನ ಕಾಲದ್ದು, ಒಂಟಿ ವಾಲ್ವಿನದು, ಬಹಳ ಹೊಡೆದರೆ ಎರಡು ವಾಟು. ನನ್ನವು ಹಲಸಿನ ಮರದ ಪೆಟ್ಟಿಗೆ. ಇಬ್ಬರು ಆಳು ಸೇರಿ ಎತ್ತಬೇಕು, ಒಳಗಿನ ಹಸಿವು ಕೇಳಲೇಬೇಡಿ. ಇದು ಕೂಡುವುದಿಲ್ಲ ಎಂದು ನನಗೆ ಅವತ್ತೇ ಅನಿಸಿತ್ತು. ಆದರೆ ಹುಡುಗ ಮನಸ್ಸಿಗೆ ಹಿಡಿದಿದ್ದ. ಅಪ್ಪನೋ, ಎಲ್ಲರೆದುರು ತಂತಿ ಕಟ್ಟಿ, ಕಿವಿ ಇಟ್ಟು, ತಲೆಯಾಡಿಸಿ, "ಕೂಡ್ತು" ಎಂದುಬಿಟ್ಟ. ಅಪ್ಪನೇ ಹೇಳಿದ ಮೇಲೆ ನಾನ್ಯಾಕೆ ಅಡ್ಡಿ ಬರಲಿ ಎಂದು ನಾನೂ ಕಣ್ಣು ಮುಚ್ಚಿ ತಾಳಿ ಕಟ್ಟಿಸಿಕೊಂಡೆ.

ಮೊದಲ ಸಂಜೆ ಮೈಕು ನನ್ನ ಕೈಗೆ ಬಂದಾಗ, "ಸಾರು ಇನ್ನೊಂಚೂರು ಹಾಕ್ಲಾ ಮಾವ?" ಎಂದೆ. ನಾನು ಹುಟ್ಟಾ ಗಟ್ಟಿಗಂಟಲಿನವಳು. ಹಗಲು ನಾನು ಹಸು ಕರೆದರೆ ಆಚೆ ಬೀದಿಯವರ ಹಸುವೂ ತಿರುಗಿ ನೋಡುತ್ತದೆ. ಅಂಥ ದನಿ ಕಂಬಳಿ ಹೊದ್ದು ಮಲಗಿದವರ ಗೊಣಗಾಟದಂತೆ ಹೊರಬಂತು. ಎಲ್ಲರೂ ತಟ್ಟೆಯ ಮೇಲೆ ಬಾಗಿ ಕಿವಿ ಚಾಚಿದರು. ಮಾವ ಸಂಪಂಗಯ್ಯನವರ ಮುಖ ಅರಳಿತು. "ಎಷ್ಟು ಮೆತ್ತಗೆ ಮಾತಾಡ್ತಾಳೆ ನೋಡೇ ನಮ್ಮ ಸೊಸೆ," ಎಂದರು. ಅದೂ ಮೆತ್ತಗೇ ಬಂತು. ಸೆಟ್ಟಿನ ಕಿವಿ ತಿರುಪಿ ಸದ್ದು ಏರಿಸಲು ಹೋದೆ. ಏರಿದ್ದು ಸದ್ದಲ್ಲ, ಒಡಕು. ಅತ್ತೆ ಪುಟ್ಟಗೌರಮ್ಮ ಮೈಕು ತೆಗೆದುಕೊಂಡು ಸೊಪ್ಪು ಬೆಂದಿಲ್ಲವೆಂದು ನನ್ನನ್ನು ಬೈದರು. ಜೋಗುಳ ಹಾಡಿದಂತಿತ್ತು.

ಅಂದಿನಿಂದ ಆ ಮನೆಯಲ್ಲಿ ಜಗಳವೇ ಇಲ್ಲ. ಮಾವ ದುಂಡಗಾದರು. ಬೀದಿಯವರು, ಪುಟ್ಟಗೌರಮ್ಮನ ಮನೆಗೆ ದೇವತೆಯಂಥ ಸೊಸೆ ಬಂದಳು, ಮನೆಯ ಸದ್ದೇ ಆಚೆ ಬರುವುದಿಲ್ಲ ಎಂದು ಆಡಿಕೊಂಡರು. ದೇವತೆ ಒಳಗೆ ಹಲ್ಲು ಕಡಿಯುತ್ತಿದ್ದಳು. ಏಕೆಂದರೆ ನನಗೆ ಒಂದು ಮಾತು ಕೇಳುವುದಿತ್ತು. ಅಪ್ಪನ ಕಸುಬನ್ನು ಮುಂದುವರಿಸಬೇಕೆಂದು ನನ್ನ ಆಸೆ, ಹೊಟ್ಟೆಯೊಳಗಿನ ಆಸೆ. ಅಪ್ಪನೂ, "ನಿಮ್ಮನೇಲಿ ಮೈಕಲ್ಲಿ ಹೂಂ ಅನ್ನಿಸ್ಕೊಂಡು ಬಾ, ಜೊತೇಲಿ ಹೋಗಣ," ಎಂದಿದ್ದ. ದಿನಾ ಸಂಜೆ ನಾನು ಮೈಕು ಹಿಡಿದು, "ಮಾವ, ನಾನು ಕೂಟ ನೋಡೋಕೆ ಹೋಗ್ತೀನಿ, ಒಪ್ಪಿಗೆ ಕೊಡಿ," ಎಂದು ಕೇಳುವುದು, ಅದು ಪೆಟ್ಟಿಗೆಯೊಳಗೆ ಮುಕ್ಕಾಲು ಪಾಲು ಇಂಗಿ ಕಾಲು ಪಾಲು ಹೊರಬರುವುದು, ಮಾವ ಪುಟ್ಟ ಮಗು ಪದ್ಯ ಹೇಳಿದಂತೆ ನನ್ನನ್ನು ನೋಡಿ ನಗುವುದು. ಗಂಡನನ್ನು ಮೊಣಕೈಯಿಂದ ತಿವಿದರೆ ಅವನೂ ನಗುತ್ತಿದ್ದ. ಹಗಲು ಹೇಳೋಣವೆಂದರೆ ಗಿರಣಿ ಮನೆಗೆ ಅಂಟಿಕೊಂಡೇ ಇದೆ. ಅದು ತಿರುಗುವಾಗ ದೇವರು ಬಂದು ಕೂಗಿದರೂ ಕೇಳಿಸದು. ಕೇಳಿಸಿದರೂ ಅತ್ತೆ, "ಸಂಜೆ ಮೈಕಲ್ಲಿ ಹೇಳು," ಎಂದು ಹಿಟ್ಟಿನ ಕೈ ಆಡಿಸಿಬಿಡುತ್ತಿದ್ದರು.

ಅಮಾವಾಸ್ಯೆಗೆ ಗಿರಣಿಗೆ ರಜಾ. ಅಂಥ ಒಂದು ಅಮಾವಾಸ್ಯೆಯ ಬೆಳಗ್ಗೆ ತಡೆಯಲಾರದೆ ತವರಿಗೆ ಹೋದೆ. ಅಪ್ಪ ಜಗಲಿಯ ಮೇಲೆ ಕೂತು ಯಾರದೋ ಸೆಟ್ಟಿನ ವಾಲ್ವನ್ನು ಪಂಚೆಯ ಚುಂಗಿನಿಂದ ಒರೆಸುತ್ತಿದ್ದ.

"ಅಪ್ಪ, ಎರಡು ವಾಟಿನ ಸೆಟ್ಟಿಗೆ ನನ್ನ ಪೆಟ್ಟಿಗೆ ಹೆಂಗೆ ಕೂಡ್ತು?" ಎಂದೆ.

"ಎಂಟಕ್ಕೆ ಎಂಟು ಸರಿಯಾಗಿತ್ತಲ್ಲವ್ವ," ಎಂದ ಅಪ್ಪ, ತಲೆ ಎತ್ತಲಿಲ್ಲ.

"ನಾನು ಓಮ್ ಕೇಳ್ತಿಲ್ಲ, ಹಸಿವು ಕೇಳ್ತಿದೀನಿ. ಬೇರೆಯವ್ರ ಮನೆ ಹೆಣ್ಣಾಗಿದ್ರೆ ಆ ಪೆಟ್ಟಿಗೆ ಹೊಸಲು ದಾಟೋಕೆ ಬಿಡ್ತಿದ್ಯಾ ನೀನು?"

ಅಪ್ಪ ಮತ್ತೆ ವಾಲ್ವ್ ಒರೆಸತೊಡಗಿದ. ನಾನು ಅಲ್ಲಾಡದೆ ನಿಂತೆ. ನನ್ನ ಹಟ ಅವನಿಂದಲೇ ಬಂದದ್ದು, ಅವನಿಗೆ ಗೊತ್ತು.

"ನಿಮ್ಮತ್ತೆ ಬಾಯಿ ನಿಂಗೊತ್ತಿಲ್ಲ ಕಣವ್ವ," ಎಂದ ಕೊನೆಗೆ. "ಗಿರಣಿ ಸದ್ದಿನ ಮೇಲೆ ಕೂಗಿ ಕೂಗಿ ಬೆಳೆದ ಗಂಟ್ಲು. ಆಯಮ್ಮ ತನ್ನ ಹಳೇ ಪೆಟ್ಟಿಗೇಲಿ ಮಾತಾಡ್ತಿದ್ದಾಗ ನಮ್ಮ ಬೀದೀಲಿ ಮಲಗಿದ್ದ ಮಕ್ಳು ಎದ್ದು ಕೂರ್ತಿದ್ವು. ಹುಡುಗ ಒಳ್ಳೆಯವ್ನು, ನೀನೂ ಒಪ್ಪಿದ್ದೆ, ಬೇಡ ಅನ್ನೋಕೆ ನನ್ನ ಕೈಲಿ ಆಗ್ಲಿಲ್ಲ. ಅವ್ರ ಸೆಟ್ಟು ಬಡವು, ನಿನ್ನ ಪೆಟ್ಟಿಗೆ ಹಸಿದದ್ದು. ಒಳ್ಳೇದೇ ಆಯ್ತು ಅನ್ಕೊಂಡೆ. ಎಷ್ಟು ಬೈದ್ರೂ ನಿನ್ನ ಕಿವಿಗೆ ಮೆತ್ತಗೆ ಬೀಳ್ಲಿ ಅಂತ ಬೇಕೂಂತ್ಲೇ ಕೂಡ್ತು ಅಂದೆ."

"ಮತ್ತೆ ನನ್ನ ಬಾಯಿ?"

ವಾಲ್ವ್ ಒರೆಸುತ್ತಿದ್ದ ಕೈ ನಿಂತಿತು. ಅಪ್ಪ ನನ್ನನ್ನು ನೋಡಿದ, ಗಾಜಿನೊಳಗೆ ನೋಡಿದ, ಮತ್ತೆ ನನ್ನನ್ನು ನೋಡಿದ. "ಅದು ಹೊಳೀಲಿಲ್ಲವ್ವ," ಎಂದ.

ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಅಪ್ಪನಿಗೆ ನನ್ನ ಮೇಲಿದ್ದ ಪ್ರೀತಿ ಸುಳ್ಳಲ್ಲ. ಆ ಪ್ರೀತಿಯೇ ನನ್ನ ಬಾಯಿಗೆ ಹತ್ತಿ ತುರುಕಿತ್ತು. ಹೊರಡುವಾಗ ಅಪ್ಪ ಹಿಂದೆಯೇ ಬಂದು, "ಯಾರಿಗೂ ಹೇಳ್ಬ್ಯಾಡ. ಪೆಟ್ಟಿಗೆ ವಾಪಸ್ ಬಂದ್ರೆ ನಿನ್ನ ಸಂಸಾರನೂ ಹೋಗುತ್ತೆ, ನನ್ನ ಹೆಸ್ರೂ ಹೋಗುತ್ತೆ," ಎಂದು ಕೈ ಹಿಡಿದ. ನಾನು ಕೈ ಬಿಡಿಸಿಕೊಂಡು ಬಂದೆ. ದಾರಿಯುದ್ದಕ್ಕೂ ಯೋಚನೆ. ಸುಮ್ಮನಿದ್ದರೆ ಸಾಯುವ ತನಕ ಮೂಗಿ. ಬಾಯಿಬಿಟ್ಟರೆ ಗಂಡನ ಮನೆಯೂ ಇಲ್ಲ, ಅಪ್ಪನ ಮರ್ಯಾದೆಯೂ ಇಲ್ಲ.

ಮನೆಗೆ ಬಂದರೆ ಮಾವ ಮತ್ತು ಮುದ್ದುಕೃಷ್ಣ ಗಿರಣಿಯ ಪಟ್ಟಿ ಹೊಲಿಸಲು ಹೊರಗೆ ಹೋಗಿದ್ದರು. ಅತ್ತೆ ಅಡುಗೆಮನೆಯಲ್ಲಿ ಒಬ್ಬರೇ ಕೂತು ಮೆಣಸು ಶುಂಠಿ ಹಾಕಿದ ಕಷಾಯ ಊದಿ ಊದಿ ಕುಡಿಯುತ್ತಿದ್ದರು. ಕಣ್ಣಲ್ಲಿ ನೀರು. ಖಾರಕ್ಕೋ ಮತ್ತೇಕೋ ಎಂದು ತಿಳಿಯಲಿಲ್ಲ.

"ಗಂಟ್ಲು ನೋವಾ ಅತ್ತೆ?" ಎಂದೆ.

"ನೋವಲ್ಲ ಕಣೇ, ಗಂಟ್ಲೇ ಹೋಯ್ತು. ಹಗಲೊತ್ತು ಸರಿಯಾಗೇ ಇರುತ್ತೆ. ಸಂಜೆ ಮೈಕು ಹಿಡುದ್ರೆ ಪಕ್ಕದ್ಮನೇಲಿ ಯಾರೋ ಮಾತಾಡ್ದಂಗೆ ಕೇಳುತ್ತೆ. ನೀನು ಬಂದಾಗ್ಲಿಂದ ದಿನಾ ಕಷಾಯ ಕುಡೀತಿದೀನಿ. ವಯಸ್ಸಾಯ್ತು. ಇನ್ನು ನನ್ನ ಮಾತು ಯಾರು ಕೇಳ್ತಾರೆ?"

ಆಗ ನಾನು ತಡೆಯಲಾರದೆ ಹೋದೆ. ಅಪ್ಪ ಬೇಡವೆಂದದ್ದು, ಸಂಸಾರ, ಮರ್ಯಾದೆ ಯಾವುದೂ ನೆನಪಿಗೆ ಬರಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಬಡ ಸೆಟ್ಟು, ಹಸಿದ ಪೆಟ್ಟಿಗೆ, ಬೇಕೆಂದೇ ಅಪ್ಪ ಹಾಕಿದ ತಪ್ಪು ಕೂಟ, ಯಾರ ಬಾಯಿಗೆ ಹೆದರಿ ಹಾಕಿದ ಎಂಬುದನ್ನೂ. ಅತ್ತೆ ಲೋಟ ಕೆಳಗಿಟ್ಟರು. ಈಗ ನನ್ನ ಕಥೆ ಮುಗಿಯಿತು ಅಂದುಕೊಂಡೆ.

"ಹಂಗಾದ್ರೆ ನನ್ನ ಗಂಟ್ಲು ಚೆನ್ನಾಗಿದೆಯಾ?" ಎಂದರು.

"ಚೆನ್ನಾಗಿದೆ ಅತ್ತೆ."

"ಏನೂ ಆಗಿಲ್ವಾ?"

"ಏನೂ ಆಗಿಲ್ಲ."

ಅವರ ಮುಖದಲ್ಲಿ ಬಂದ ಸಂತೋಷವನ್ನು ನೋಡಬೇಕಿತ್ತು. ಉಳಿದ ಕಷಾಯವನ್ನು ಬಚ್ಚಲಿಗೆ ಸುರಿದು ಬಂದರು. ಆಮೇಲೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಮ್ಮಪ್ಪನನ್ನು ಬೈಯಲು ಶುರುಮಾಡಿದರು. ಹಗಲಿನ ಬೈಗುಳ ಲೆಕ್ಕಕ್ಕಿಲ್ಲದಿದ್ದರೂ ಅವತ್ತು ಕೇಳಿದ ಮೇಲೆ ಅಪ್ಪ ಹೆದರಿದ್ದರಲ್ಲಿ ತಪ್ಪಿಲ್ಲ ಎನಿಸಿತು. ಬೈದು ಮುಗಿಸಿ, "ಈಗ್ಲೇ ನನ್ನ ಪೆಟ್ಟಿಗೆ ಇಳ್ಸಣ ನಡಿ," ಎಂದರು. ಎರಡು ಹೆಜ್ಜೆ ಇಟ್ಟವರು ನಿಂತರು. ನನ್ನ ಕಡೆ ತಿರುಗಿ ನೋಡಿದರು.

"ಇಳ್ಸಿದ್ರೆ ನಿನ್ನ ಕಳಿಸ್ಬೇಕಲ್ಲ," ಎಂದರು. "ನೀನು ಹೋಗ್ಬಿಟ್ರೆ ನಾನು ಯಾರನ್ನ ಬೈಲಿ?"

ಆ ಮಾತಿಗೆ ನನಗೆ ನಗು ಬಂತು, ಅದರ ಹಿಂದೆಯೇ ಒಂದು ಉಪಾಯವೂ ಬಂತು. ಊರು ನೋಡುವುದು ಪೆಟ್ಟಿಗೆಯನ್ನು. ಪೆಟ್ಟಿಗೆಯ ಹೊಟ್ಟೆಯೊಳಗೆ ಏನಿದೆ ಎಂದು ಯಾರೂ ಕೇಳುವುದಿಲ್ಲ. ಇಬ್ಬರೂ ಅಟ್ಟ ಹತ್ತಿದೆವು. ಅತ್ತೆಯ ಒಂದು ಪೆಟ್ಟಿಗೆಯ ಮೇಲೆ ಈರುಳ್ಳಿ ಒಣಹಾಕಿತ್ತು, ಇನ್ನೊಂದರ ಹಿಂದೆ ಕೋಳಿ ಕಾವಿಗೆ ಕೂತಿತ್ತು. ಕೋಳಿಗೆ ಬೇರೆ ಬುಟ್ಟಿ ತೋರಿಸಿ, ಪೆಟ್ಟಿಗೆಗಳ ಮುಂದಿನ ಹಲಗೆ ಬಿಚ್ಚಿದೆವು. ಒಳಗೆ ಮೊರದಗಲದ ಕಾಗದದ ಕೋನ್, ಹಪ್ಪಳದಷ್ಟು ತೆಳ್ಳಗೆ, ಹಿಂದೆ ಕುಂಬಳಕಾಯಿ ಗಾತ್ರದ ಅಯಸ್ಕಾಂತ. ನಾನು ಬೆರಳಿನಿಂದ ಮೆಲ್ಲಗೆ ತಟ್ಟಿದೆ. ಅಷ್ಟಕ್ಕೇ ಅಟ್ಟವೆಲ್ಲ ದುಮ್ಮೆಂದಿತು. ಹಸಿವೇ ಇಲ್ಲದ ಜೀವ! ಎರಡು ವಾಟು ಇದಕ್ಕೆ ಹಬ್ಬದೂಟ.

ಆ ಹಲಗೆಗಳನ್ನು ಕೋನ್ ಸಮೇತ ಕೆಳಗೆ ತಂದು, ಅಂಚು ತರಿದು, ನನ್ನ ಹಲಸಿನ ಪೆಟ್ಟಿಗೆಗಳ ಹಲಗೆ ಬಿಚ್ಚಿ ಅವುಗಳ ಜಾಗದಲ್ಲಿ ಕೂರಿಸಿದೆವು. ಅತ್ತೆ ಹಲಗೆ ಹಿಡಿದರು, ನಾನು ತಿರುಪು ಬಿಗಿದೆ. ನನ್ನ ಪೆಟ್ಟಿಗೆಯ ಮುಂದಿದ್ದ ಹಳೆಯ ಮುಸುಕಿನ ಬಟ್ಟೆಯನ್ನೇ ಎಳೆದು ಕಟ್ಟಿದ ಮೇಲೆ ಹೊರಗಿನಿಂದ ಗುರುತೇ ಸಿಗಲಿಲ್ಲ. ಅತ್ತೆ ಉತ್ಸಾಹದಲ್ಲಿ ತಂತಿಯನ್ನು ಎಂಟರ ತಿರುಪಿಗೇ ಕಟ್ಟಲು ಹೋದರು. "ಅಲ್ಲಲ್ಲ, ನಿಮ್ಮದು ಹದಿನಾರು," ಎಂದು ಬದಲಾಯಿಸಿ ಕಟ್ಟಿದೆ. ಅತ್ತೆ ನನ್ನ ಕೈಯನ್ನೇ ನೋಡುತ್ತಿದ್ದರು. "ಇದೆಲ್ಲ ನಿಂಗೆ ಬರುತ್ತಾ?" ಎಂದರು. ದಿನಾ ಸಂಜೆ ನಾನು ಹೇಳುತ್ತಿದ್ದದ್ದು ಇದನ್ನೇ ಅತ್ತೆ ಎಂದು ನಾಲಿಗೆ ತುದಿಗೆ ಬಂದಿತ್ತು. ಹಗಲಿನ ಮಾತಿಗೆ ಬೆಲೆಯಿಲ್ಲವೆಂದು ನುಂಗಿಕೊಂಡೆ.

ಸಂಜೆಯಾಯಿತು. ಗಂಟಲುಗಳು ಕಟ್ಟಿದವು. ಮಾವ ಎಂದಿನಂತೆ ಗೋಡೆಗೆ ಒರಗಿ ಕೂತರು, ಮುದ್ದುಕೃಷ್ಣ ಮುದ್ದೆ ಮುರಿದ. ವಾಲ್ವ್ ಕೆಂಪಗಾಯಿತು. ಮಾವ ಮೈಕಿಗೆ ಕೈ ಚಾಚಿದರೆ ಅತ್ತೆ ಅವರನ್ನು ದಾಟಿ ಮೈಕು ಎತ್ತಿಕೊಂಡು, ಸೀದಾ ತಂದು ನನ್ನ ಕೈಗೆ ಕೊಟ್ಟರು. ಕಣ್ಣಿನಲ್ಲೇ, ನೀನು ಮೊದಲು, ಎಂದರು. ಪೆಟ್ಟಿಗೆಯ ಗುಟ್ಟು ಗೊತ್ತಾದರೆ ನಾಳೆ ನನ್ನ ಗಂಟುಮೂಟೆ ಬೀದಿಯಲ್ಲಿ. ಆದರೂ ಉಸಿರು ತುಂಬಿಕೊಂಡೆ.

"ಮಾವ, ನಾನು ಕೂಟ ನೋಡೋ ಕಸುಬು ಮಾಡ್ತೀನಿ. ಒಪ್ಪಿಗೆ ಕೊಡಿ!"

ಗೂಡಿನಲ್ಲಿದ್ದ ಲೋಟಗಳು ಕಣಕಣ ಎಂದವು. ಮಾವನ ಕೈಯಿಂದ ತುತ್ತು ಸಾರಿಗೆ ಬಿದ್ದು ಅಂಗಿಯೆಲ್ಲ ಸಾರಾಯಿತು. ಮುದ್ದುಕೃಷ್ಣ ನನ್ನನ್ನು ಅವತ್ತೇ ಮದುವೆಯಾದವನಂತೆ ನೋಡಿದ. ಹೊರಗೆ ಕಡಲೆಕಾಯಿಯವನ ಗಂಟೆ ನಿಂತಿತು. ನನ್ನ ದನಿ ನನಗೇ ಪೂರ್ತಿ ಕೇಳಿಸಿ ಮೈ ಜುಮ್ಮೆಂದಿತು.

ಅತ್ತೆ ಮೈಕು ಕಿತ್ತುಕೊಂಡರು. ಮಧ್ಯಾಹ್ನವೆಲ್ಲ ಜೊತೆಗೆ ತಿರುಪು ಬಿಗಿದ ನನ್ನ ಗೆಳತಿ ಏನು ಹೇಳುತ್ತಾರೋ ಎಂದು ಆಸೆಯಿಂದ ನೋಡಿದೆ.

"ಬ್ಯಾಡ!" ಎಂದರು. ಸೂರಿನಿಂದ ದೂಳು ಉದುರಿತು. "ಮನೆ ಸೊಸೆ ಕಂಡೋರ ಮನೆ ಸೆಟ್ಟು ಬಿಚ್ಕೊಂಡು ಅಲಿಯೋದು ಬ್ಯಾಡ! ಗಿರಣಿ ಯಾರು ನೋಡ್ತಾರೆ? ಹಿಟ್ಟು ಯಾರು ಅಳೀತಾರೆ?"

ನಾನು ಕಿತ್ತುಕೊಂಡೆ. "ಬೆಳಗ್ಗೆ ಗಿರಣಿ, ಮಧ್ಯಾಹ್ನ ಕೂಟ! ಎರಡೂ ಮಾಡ್ತೀನಿ!"

"ಮಧ್ಯಾಹ್ನ ಅಡುಗೆ?"

"ನಿಮ್ಮ ಮಗನಿಗೆ ಕೈ ಇಲ್ವಾ?"

ಹೀಗೆ ಶುರುವಾದದ್ದು, ಸಾರು ಆರಿ ತಣ್ಣಗಾದರೂ ಮುಗಿಯಲಿಲ್ಲ. ಸೊಪ್ಪು ಬೇಯದ ಮೊದಲ ದಿನದಿಂದ ಹಿಡಿದು ಎಲ್ಲ ಬಾಕಿಯೂ ಆಚೆ ಬಂತು. ಎಳೆದಾಟದಲ್ಲಿ ಮೈಕು ಪೆಟ್ಟಿಗೆಯ ಹತ್ತಿರ ಹೋದಾಗಲೆಲ್ಲ ಕೂಯ್ ಎಂದು ಅರಚುತ್ತಿತ್ತು, ಇಬ್ಬರೂ ಹಿಂದೆ ಸರಿದು ಮತ್ತೆ ಶುರುಮಾಡುತ್ತಿದ್ದೆವು. ಕಿಟಕಿಯಾಚೆ ಬೀದಿಯವರೆಲ್ಲ ನೆರೆದಿದ್ದರು. ಕೊನೆಗೆ ಅತ್ತೆ ದಣಿದು, "ಬ್ಯಾಡ ಅಂದೆ, ಕೇಳಿಸ್ತಾ?" ಎಂದರು.

"ಕೇಳಿಸ್ತು ಅತ್ತೆ. ಮಾಡ್ತೀನಿ ಅಂದೆ, ಕೇಳಿಸ್ತಾ?"

ಅತ್ತೆ ಮೈಕು ತೆಗೆದುಕೊಂಡರು. "ಕೇಳಿಸ್ತು," ಎಂದರು. ಅವತ್ತು ಅಷ್ಟಕ್ಕೇ ನಿಂತಿತು. ಒಪ್ಪಿಗೆ ಸಿಗಲಿಲ್ಲ, ಆದರೂ ನಾನು ಮದುವೆಯಾದಾಗಿನಿಂದ ಅಷ್ಟು ಚೆನ್ನಾಗಿ ಊಟ ಮಾಡಿರಲಿಲ್ಲ.

ಬೆಳಗ್ಗೆ ಗಂಟಲು ಬಂದದ್ದೇ ತಡ, ಗಿರಣಿಯ ಮುಂದೆ ಜನ. ಹಿಟ್ಟಿಗೆ ಬಂದವರಲ್ಲ. "ಪುಟ್ಟಗೌರಕ್ಕ, ನಿನ್ನ ಹಳೇ ದನಿ ವಾಪಸ್ ಬಂತಲ್ಲ! ಸೊಸೆ ದನೀನೂ ಅದ್ರ ಜೊತೆ ಎಷ್ಟು ಸೊಗಸಾಗಿ ಬಂತು! ಯಾರು ರಿಪೇರಿ ಮಾಡಿದ್ದು? ನಮ್ಮನೇಲೂ ಸೊಸೆ ಮಾತು ಕೇಳ್ಸಲ್ಲ," ಎಂದು ಒಬ್ಬಾಕೆ ಕೇಳಿದರು. ಅತ್ತೆ ನನ್ನನ್ನು ಓರೆಗಣ್ಣಿನಲ್ಲಿ ನೋಡಿದರು. ಬಾಯಿ ಬಿಗಿದುಕೊಂಡೇ ನಿಂತಿದ್ದರು, ಆದರೆ ಎಷ್ಟು ಹೊತ್ತು? "ಇನ್ಯಾರು, ನಮ್ಮ ಸೊಸೆ! ಊರಲ್ಲೆಲ್ಲ ಇನ್ಯಾರಿಗೆ ಬರುತ್ತೆ ಆ ಕೆಲ್ಸ?" ಎಂದುಬಿಟ್ಟರು. ಹೇಳಿದ ಮೇಲೆ ತುಟಿ ಕಚ್ಚಿಕೊಂಡರು. ಜನರ ಹಿಂದೆ ಅಪ್ಪ ನಿಂತಿದ್ದ. ನಿನ್ನೆಯ ಸದ್ದು ಅವನ ಬೀದಿಗೂ ಮುಟ್ಟಿತ್ತು. ಪೆಟ್ಟಿಗೆಯ ಹೊಟ್ಟೆಯಲ್ಲಿ ಏನಾಗಿದೆಯೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅವತ್ತು ಸಂಜೆ ಅಪ್ಪ ನಮ್ಮಲ್ಲೇ ಊಟಕ್ಕೆ ಉಳಿದ. ಮನೆಗೆ ಬಂದ ನೆಂಟರಿಗೆ ಮೈಕು ಮೊದಲು. ಅಪ್ಪ ಅದನ್ನು ಕೈಗೆ ತೆಗೆದುಕೊಂಡ. ಕಿಟಕಿಗಳೆಲ್ಲ ತೆರೆದಿದ್ದವು, ಆಚೆ ನಿನ್ನೆಗಿಂತ ಹೆಚ್ಚು ಜನ. ನಾನು ಕಿಟಕಿ ಮುಚ್ಚಲು ಎದ್ದರೆ ಅಪ್ಪ ಬೇಡವೆಂದು ಕೈ ಮಾಡಿದ.

"ಈ ಮನೆ ಕೂಟ ನಾನು ತಪ್ಪು ನೋಡಿದ್ದೆ. ಬೇಕೂಂತ್ಲೇ ತಪ್ಪು ನೋಡಿದ್ದೆ," ಎಂದ. ಆ ದನಿ ಬೀದಿಯ ಆ ತುದಿಗೂ ಮುಟ್ಟಿರಬೇಕು. "ಮಗಳ ಕಿವಿ ಕಾಯೋಕೆ ಹೋಗಿ ಅವಳ ಬಾಯಿ ಕಟ್ಟಿದ್ದೆ. ಅತ್ತೆ ಸೊಸೆ ಸೇರ್ಕೊಂಡು ಸರಿ ಮಾಡವ್ರೆ. ಇನ್ಮೇಲೆ ಈ ಊರಲ್ಲಿ ಕೂಟ ನೋಡ್ಸೋರು ಇಂದ್ರಾಣಿ ಹತ್ರ ಬನ್ನಿ. ನನ್ನ ಹತ್ರ ಬ್ಯಾಡಿ."

ನನಗೆ ಅಳು ಬಂತು. ಆ ಹೊತ್ತಿನಲ್ಲಿ ಅತ್ತರೂ ನಮ್ಮೂರಿನಲ್ಲಿ ಯಾರಿಗೂ ಕೇಳಿಸುವುದಿಲ್ಲ, ಹಾಗಾಗಿ ನಾನು ಅತ್ತೆಯ ಪಕ್ಕದಲ್ಲೇ ಕೂತು ಧಾರಾಳವಾಗಿ ಅತ್ತುಬಿಟ್ಟೆ. ಎದುರಿಗೆ ಅಪ್ಪನೂ ಕಣ್ಣೊರೆಸಿಕೊಳ್ಳುತ್ತಿದ್ದ. ಮಾವ ಪೆಟ್ಟಿಗೆಗಳನ್ನು ನೋಡಿದರು, ಅಟ್ಟವನ್ನು ನೋಡಿದರು, ತಮ್ಮ ಹೆಂಡತಿಯನ್ನು ನೋಡಿದರು, ಪೆಟ್ಟಿಗೆ ಇಳಿದಿಲ್ಲವಲ್ಲ ಎಂಬಂತೆ ಭುಜ ಕುಣಿಸಿ ಊಟ ಮುಂದುವರಿಸಿದರು.

ಅತ್ತೆ ಅಪ್ಪನ ಕೈಯಿಂದ ಮೈಕು ತೆಗೆದುಕೊಂಡರು. ಅವನಿಗೆ ಈಗ ಸರಿಯಾಗಿ ಬೀಳುತ್ತದೆಂದು ಎಲ್ಲರೂ ಕಾದೆವು.

"ಬೀಗ್ರೆ, ಸಾಕು ಅತ್ತಿದ್ದು, ಊಟ ಮಾಡಿ!" ಎಂದರು, ಹೆಂಚು ನಡುಗುವಂತೆ. "ಇವಳು ನಾಳೆ ಮಧ್ಯಾಹ್ನ ಆಚೆ ಬೀದಿಗೆ ಕೂಟ ನೋಡೋಕೆ ಹೋಗ್ಬೇಕು. ಹಲಗೆ ಹಿಡಿಯೋಕೆ ನಾನೂ ಹೋಗ್ತೀನಿ. ಅಡುಗೆ ಮುದ್ದುಕೃಷ್ಣ ಮಾಡ್ತಾನೆ!"

ಮುದ್ದುಕೃಷ್ಣ ಸದ್ದು ಇಳಿಸಲು ಸೆಟ್ಟಿನ ಕಡೆ ಮೆಲ್ಲಗೆ ಕೈ ಚಾಚಿದ. ನಾನು ಸೌಟಿನಿಂದ ಅವನ ಕೈಗೆ ಒಂದು ಕೊಟ್ಟೆ.